ಉರಿಯಲಿ ಅಂದವಳು

ಬೆಳಿಗ್ಗೆ ಅವನು ಅಂದದ್ದು ಎರಡೇ ಮಾತು. ಏರುದಾರಿಯಲ್ಲಿ ಅವನು ಓಡಿಸುತ್ತಿದ್ದ ಬಸ್ಸಿನ ಎಂಜಿನ್ ಎಷ್ಟು ಗದ್ದಲ ಮಾಡಿದರೂ ಆ ಎರಡು ಮಾತು ಅದರ ಅಡಿಯಲ್ಲಿ ಕೂತು ಕೇಳಿಸುತ್ತಲೇ ಇದ್ದವು. ಜನ ಏನಂತಾರೆ? ಅರ್ಧ ಗಡ್ಡ ಕೆರೆದುಕೊಂಡು, ಸೋಪಿನ ಮುಖದಲ್ಲೇ ಅಡುಗೆಮನೆ ಬಾಗಿಲಿಗೆ ಬಂದು ನಿಂತು ಅಂದಿದ್ದ. ಹೆಂಡತಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು ನಿಂತಲ್ಲೇ ತಿಂಡಿ ಮುಗಿಸುತ್ತಿದ್ದಳು. 'ಸಿಡಿಲು ಬಿದ್ದದ್ದು ಎಲ್ಲಿ? ಗುಡ್ಡದ ಹಿಂಭಾಗಾನಾ? ಗಾಳಿ? ಸರಿ. ಯಾರೂ ಆರಿಸೋಕೆ ಹೋಗ್ಬೇಡಿ. ಉರಿಯಲಿ. ಊರಿನ ಕಡೆ ಹುಲ್ಲು ಸವರಿದ ಗೆರೆ ಮಾತ್ರ ಕಾಯ್ತಾ ಇರಿ, ನಾನು ಬಂದೆ.' ಫೋನು ಇಟ್ಟು ಅವನ ಕಡೆ ತಿರುಗಿದಾಗ ಅವಳ ಮುಖದಲ್ಲಿ ಪರೀಕ್ಷೆಯ ಫಲಿತಾಂಶ ಬಂದ ಹುಡುಗಿಯ ಕಳೆಯಿತ್ತು. 'ರೀ, ಇದೇ ನಾನು ಕಾಯ್ತಿದ್ದ ಬೆಂಕಿ,' ಅಂದಳು. ಆಗಲೇ ಅವನ ಬಾಯಿಂದ ಆ ಮಾತು ಬಿದ್ದದ್ದು. ಬೂಟಿನ ದಾರ ಕಟ್ಟುತ್ತಿದ್ದ ಅವಳ ಕೈ ನಿಂತಿತು. ತಲೆಯೆತ್ತಿ, 'ಜನ ಅಂದ್ರೆ ಯಾರು? ನೀವಾ?' ಅಂದಳು. ಕೋಪದಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ. ಅವನು ಕನ್ನಡಿಯ ಮುಂದೆ ಹೋಗಿ ಉಳಿದರ್ಧ ಗಡ್ಡ ಕೆರೆದುಕೊಂಡ. ಹೊರಗೆ ಜೀಪು ಹೊರಟ ಸದ್ದಾಯಿತು. ಗಲ್ಲದ ಮೇಲೆ ಕೊಯ್ದುಕೊಂಡದ್ದು ಈಗಲೂ ಚುರುಗುಟ್ಟುತ್ತಿತ್ತು.

ತಿರುವು ದಾಟಿದ ಕೂಡಲೇ ರಸ್ತೆಗೆ ಅಡ್ಡವಾಗಿ ಕಟ್ಟಿದ ಕೆಂಪು ಪಟ್ಟಿ ಕಂಡಿತು. ಪಕ್ಕದಲ್ಲಿ ಹಸಿರು ಸಮವಸ್ತ್ರದ, ಅರಣ್ಯ ಇಲಾಖೆಯ ಗಾರ್ಡ್ ಒಬ್ಬ ಎರಡೂ ಕೈ ಎತ್ತಿ ನಿಂತಿದ್ದ. ಅವನು ಬ್ರೇಕು ಒತ್ತಿದ. ಬಸ್ಸಿನಲ್ಲಿದ್ದವರೆಲ್ಲ ಒಮ್ಮೆ ಮುಂದಕ್ಕೆ ಬಾಗಿ ಹಿಂದಕ್ಕೆ ಬಿದ್ದರು. ಎದುರಿಗೆ, ಗುಡ್ಡದ ಹೆಗಲ ಮೇಲಿಂದ ಹೊಗೆ ಮೇಲೇಳುತ್ತಿತ್ತು. ಕರಿದಾದ, ಭಯಂಕರವಾದ ಹೊಗೆಯಲ್ಲ. ಬೆಳ್ಳಗೆ, ತೆಳ್ಳಗೆ, ಆತುರವಿಲ್ಲದೆ ಏಳುತ್ತಿತ್ತು. ಅದರ ಬುಡದಲ್ಲಿ ಕಿತ್ತಳೆ ಬಣ್ಣದ ಒಂದು ಗೆರೆ ಹುಲ್ಲಿನೊಳಗೆ ಮೇಯುತ್ತಾ ಬರುತ್ತಿತ್ತು. ರಸ್ತೆಯ ಬದಿಗೆ ನೀರಿನ ಎರಡು ಟ್ಯಾಂಕರುಗಳು ಸುಮ್ಮನೆ ನಿಂತಿದ್ದವು. ಅವುಗಳ ನೆರಳಲ್ಲಿ ನಾಲ್ಕಾರು ಜನ ಪೈಪಿನ ಸುರುಳಿಯ ಮೇಲೆ ಕೂತಿದ್ದರು. ಇದನ್ನು ಕಂಡದ್ದೇ ತಡ, ಬಸ್ಸಿನೊಳಗಿನ ಗುಸುಗುಸು ಬೈಗುಳವಾಯಿತು.

'ನೋಡ್ರೀ, ನೋಡ್ರೀ ಅಲ್ಲಿ!' ಮೊದಲ ಸಾಲಿನಲ್ಲಿದ್ದ ವಕೀಲ ಎದ್ದು ನಿಂತ. ಕಪ್ಪು ಕೋಟನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಅಷ್ಟು ಹೊತ್ತು ತೂಕಡಿಸುತ್ತಿದ್ದವನು. 'ಗುಡ್ಡ ಹೊತ್ತಿ ಉರೀತಾ ಇದೆ, ಇವರು ನೀರು ಇಟ್ಕೊಂಡು ಕೂತು ನೋಡ್ತಾ ಇದ್ದಾರೆ!'

'ಯಾವಾಗ ಬಿಡ್ತಾರಂತೆ?' ಎಂದ ಕಂಡಕ್ಟರ್, ಕಿಟಕಿಯಿಂದ ತಲೆ ಹೊರಹಾಕಿ. ಸೀಟಿ ಊದುವುದರಲ್ಲಿ ಡಿಪೋದಲ್ಲೇ ಅವನನ್ನು ಮೀರಿಸುವವರಿರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ಸೀಟಿಯಣ್ಣ ಅನ್ನುತ್ತಿದ್ದರು.

'ಮೇಡಂ ಹೇಳಿದ ಮೇಲೆ,' ಎಂದ ಗಾರ್ಡ್.

'ಯಾರಪ್ಪಾ ಅದು ಮೇಡಂ? ಓ, ಬೆಂಕಿ ಮೇಡಂ!' ವಕೀಲ ಇಡೀ ಬಸ್ಸಿಗೆ ಕೇಳುವ ಹಾಗೆ ನಕ್ಕ. 'ಪೇಪರಿನಲ್ಲಿ ಬಂದಿತ್ತಲ್ಲ. ಕಾಡಿಗೆ ಬೆಂಕಿ ಒಳ್ಳೇದು ಅಂದ ಮಹಾತಾಯಿ. ಅವರ ಮನೆಗೆ ಬೆಂಕಿ ಬಿದ್ರೆ ಆಗಲೂ ಒಳ್ಳೇದು ಅಂತಾರಾ ಕೇಳಬೇಕು.'

ಅವನು ಸ್ಟೇರಿಂಗಿನ ಮೇಲೆ ಕೈಯಿಟ್ಟು ಎದುರಿಗೇ ನೋಡುತ್ತ ಕೂತ. ಆ ಪೇಪರು ಅವನಿಗೆ ಚೆನ್ನಾಗಿ ನೆನಪಿತ್ತು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ, ಕಬ್ಬಿಣದ ಮಂಚದ ಮೇಲೆ ಅಂಗಾತ ಮಲಗಿದ್ದ ಒಬ್ಬ ಡ್ರೈವರ್ ಅದನ್ನು ರಾಗವಾಗಿ ಓದಿ ಹೇಳಿದ್ದ, ಉಳಿದವರು ತೊಡೆ ತಟ್ಟಿ ನಕ್ಕಿದ್ದರು. ಫೋಟೋದಲ್ಲಿ ಅವಳು ಗುಡ್ಡದ ಕಡೆ ಕೈ ತೋರಿಸುತ್ತಾ ನಿಂತಿದ್ದಳು, ಗಾಳಿಗೆ ಕೂದಲು ಹಾರಿತ್ತು, ಯಾರಿಗೂ ಹೆದರದ ಮುಖ. ಎಷ್ಟು ಚೆಂದ ಬಂದಿದ್ದಾಳೆ ಅಂತ ಅವನಿಗೆ ಅನ್ನಿಸಿದ್ದು ಮೊದಲು. ಅದಾದ ಮೇಲೆ ಅವನೂ ನಕ್ಕಿದ್ದ. ಎಲ್ಲರಿಗಿಂತ ಜೋರಾಗಿಯೇ ನಕ್ಕಿದ್ದ. ಆ ಡಿಪೋಗೆ ವರ್ಗವಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ, ಹೆಂಡತಿ ಏನು ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ 'ಯಾವುದೋ ಆಫೀಸಲ್ಲಿ' ಅನ್ನುತ್ತಿದ್ದ. ಯಾವುದೋ ಆಫೀಸು. ಸಂಜೆ ಯಾರೂ ಇಲ್ಲದಾಗ ಆ ಪುಟವನ್ನು ನೀಟಾಗಿ ಹರಿದು ಒಳಜೇಬಿಗೆ ಸೇರಿಸಿಕೊಂಡ. ಮನೆಯಲ್ಲಿ ಅದನ್ನು ತೋರಿಸಲಿಲ್ಲ. ನಕ್ಕದ್ದನ್ನು ಹೇಳದೆ ಫೋಟೋ ತೋರಿಸುವುದು ಹೇಗೆ ಅಂತ ಅವನಿಗೆ ಗೊತ್ತಾಗಲಿಲ್ಲ. ಹೆಂಡತಿಯ ಬಗ್ಗೆ ಇರುವ ಹೆಮ್ಮೆಯನ್ನು ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡು ತಿರುಗುವವನು ಜಗತ್ತಿನಲ್ಲಿ ತಾನೊಬ್ಬನೇ ಇರಬೇಕು. ಈಗಲೂ ಹಿಂತಿರುಗಿ ವಕೀಲನಿಗೆ ಒಂದು ಮಾತು ಅನ್ನಬಹುದಿತ್ತು. ಸಮವಸ್ತ್ರದ ಕಾಲರು ಬೆವರಿಗೆ ಕತ್ತನ್ನು ಕೊರೆಯುತ್ತಿತ್ತು.

'ಡ್ರೈವರೇ, ನೀವಾದ್ರೂ ಹೇಳಿ, ಇದು ಸರೀನಾ?' ಎಂದ ವಕೀಲ.

'ನಮ್ಮದೇನಿದೆ ಸಾರ್,' ಎಂದ ಅವನು. 'ಬಿಟ್ರೆ ಹೋಗೋದು.'

ಹೇಳಿದ ಮೇಲೆ ತನ್ನ ದನಿ ತನಗೇ ಅಸಹ್ಯವಾಯಿತು.

ಎರಡನೇ ಸಾಲಿನಲ್ಲಿ ಕೂತಿದ್ದ ಅಜ್ಜಿ, ಬಟ್ಟೆಗಂಟನ್ನು ಮಡಿಲಲ್ಲಿ ಅವುಚಿಕೊಂಡು, ಯಾರನ್ನೂ ನೋಡದೆ ಹೇಳಿದಳು: 'ನಾನು ಲಂಗ ಹಾಕ್ಕೊಳ್ಳೋ ಕಾಲದಲ್ಲಿ ಈ ಗುಡ್ಡ ಆಗಾಗ ಉರೀತಾನೇ ಇತ್ತು. ಯಾರೂ ಹೀಗೆ ಬಾಯಿ ಬಡ್ಕೊತಿರಲಿಲ್ಲ.'

'ಆಗಿನ ಕಾಲ ಬೇರೆ ಅಜ್ಜಿ,' ಎಂದ ವಕೀಲ.

'ಕಾಲ ಬೇರೆ. ಗುಡ್ಡ ಇದೇ ಅಲ್ವೇನಪ್ಪಾ?'

ಗುಡ್ಡ ಇದೇ ಅಲ್ಲ, ಎಂದು ಹೆಂಡತಿಯಿದ್ದರೆ ಹೇಳುತ್ತಿದ್ದಳು. ಈ ತಿರುವಿನಿಂದ ಸ್ವಲ್ಪ ಕೆಳಗೆ, ರಸ್ತೆಯಿಂದ ಒಳಕ್ಕೆ ಚಾಚಿಕೊಂಡಿರುವ ಒಂದು ಸಮತಟ್ಟಾದ ಜಾಗಕ್ಕೆ ಅವನನ್ನು ಅವಳು ಒಂದು ರಜೆಯ ದಿನ ಕರೆದುಕೊಂಡು ಬಂದಿದ್ದಳು. ಸ್ಕೂಟರು ನಿಲ್ಲಿಸಿ ಮೊದಲು ರಸ್ತೆಯ ಆಚೆ ಬದಿಗೆ ಕರೆದೊಯ್ದಳು. ಅಲ್ಲಿ ಬೇಲಿ ಗಿಡ. ಯಾವ ಕಾಲದಲ್ಲೋ ಯಾರೋ ತೋಟದ ಬೇಲಿಗೆಂದು ದೂರದೇಶದಿಂದ ತಂದು ನೆಟ್ಟದ್ದು ಈಗ ಗುಡ್ಡದ ಮುಕ್ಕಾಲು ಭಾಗ ನುಂಗಿತ್ತು. ಒಳಗೆ ಕೈ ಹಾಕಲಿಕ್ಕೂ ಜಾಗವಿಲ್ಲ, ನೆಲದಲ್ಲಿ ಮೊಣಕಾಲೆತ್ತರ ಒಣ ಕಡ್ಡಿ, ಒಂದು ಹುಲ್ಲೆಸಳಿಲ್ಲ, ಒಂದು ಹಕ್ಕಿಯ ಸದ್ದಿಲ್ಲ. 'ಮೂವತ್ತು ವರ್ಷ ನಮ್ಮವರು ಒಂದು ಕಿಡಿ ಬಿದ್ರೂ ಓಡಿ ಬಂದು ಆರಿಸಿದ್ರು. ಪದಕ ತಗೊಂಡ್ರು. ಫಲ ಇದು,' ಅಂದಳು. ಆಮೇಲೆ ಈಚೆ ಬದಿಗೆ ತಂದಳು. ಇಲ್ಲಿ ಅವಳು ಮೇಲಿನವರ ಕೈಕಾಲು ಹಿಡಿದು ಒಪ್ಪಿಗೆ ತಂದು, ತಾನೇ ನಿಂತು ಸುಟ್ಟ ತುಂಡು. ಆಳೆತ್ತರದ ಗಿಡ್ಡ ಮರಗಳು, ತೊಗಟೆ ಸುಟ್ಟು ಕಪ್ಪಾಗಿದೆ, ಆದರೆ ತುದಿಯೆಲ್ಲ ಎಳೆ ಚಿಗುರು. ಅವುಗಳ ನಡುವೆ ಮೃದುವಾದ ಹಸಿರು ಹುಲ್ಲು. ಹುಲ್ಲಿನಲ್ಲಿ ಹಳದಿ ಹೂವು. ಅವಳು ಮಣ್ಣಲ್ಲಿ ಮಂಡಿಯೂರಿ ಒಂದು ಗಟ್ಟಿ ಕಾಯಿ ಹೆಕ್ಕಿ ಅವನ ಅಂಗೈಗೆ ಹಾಕಿದ್ದಳು. 'ಇದನ್ನ ಸುತ್ತಿಗೆಯಿಂದ ಹೊಡೀರಿ, ನೀರಲ್ಲಿ ನೆನೆಹಾಕಿ, ಏನು ಬೇಕಾದ್ರೂ ಮಾಡಿ, ಬಾಯಿ ಬಿಡಲ್ಲ. ಬೆಂಕಿ ಒಂದು ಸಲ ಮೇಲೆ ಹಾದು ಹೋಗಲಿ, ಮಾರನೇ ದಿನ ಬಾಯಿ ಬಿಟ್ಟು ಬೀಜ ಉದುರಿಸುತ್ತೆ. ಈ ಹೂವಿನ ಬೀಜ ಇನ್ನೂ ವಿಚಿತ್ರ, ಹೊಗೆ ತಾಕಿದ್ರೇನೇ ಏಳೋದು. ಇಷ್ಟು ವರ್ಷ ಮಣ್ಣೊಳಗೆ ಹೊಗೆಗೋಸ್ಕರ ಕಾಯ್ತಾ ಮಲಗಿತ್ತು ರೀ.' ಅವನು 'ಹೂಂ' ಅಂದಿದ್ದ. ಊಟದ ಹೊತ್ತಾಯಿತು ಅಂತ ಗಡಿಯಾರ ನೋಡಿದ್ದ. ಅವಳು ಅದನ್ನು ಕಂಡೂ ಕಾಣದವಳ ಹಾಗೆ, ಇಡೀ ಗುಡ್ಡ ಹತ್ತಿಕೊಂಡರೂ ಈ ತುಂಡಿನ ನಡುವೆ ಚಾಪೆ ಹಾಸಿಕೊಂಡು ಕೂರಬಹುದು, ಇಲ್ಲಿ ಬೆಂಕಿಗೆ ತಿನ್ನಲಿಕ್ಕೆ ಏನೂ ಉಳಿದಿಲ್ಲ, ಅಂದಿದ್ದಳು. ಆಗ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ ಅಂದುಕೊಂಡಿದ್ದ. ಈಗ ನೋಡಿದರೆ ಒಂದೊಂದು ಮಾತೂ ಅವಳು ಹೇಳಿದ ಹಾಗೇ, ಅವಳ ದನಿಯಲ್ಲೇ ಒಳಗೆ ಕೂತಿದೆ.

ಕಿಟಕಿಯ ಗಾಜು ಒಮ್ಮೆ ಗಡಗಡಿಸಿತು. ಅಷ್ಟು ಹೊತ್ತು ನೆಟ್ಟಗೆ ಏಳುತ್ತಿದ್ದ ಹೊಗೆ ಸೊಂಟ ಮುರಿದುಕೊಂಡ ಹಾಗೆ ಬಾಗಿ ರಸ್ತೆಯ ಕಡೆ ಬಿತ್ತು. ಬಸ್ಸಿನೊಳಗೆ ಕೆಮ್ಮು ಶುರುವಾಯಿತು, ಒಂದು ಮಗು ಅಳತೊಡಗಿತು. ಗಾರ್ಡಿನ ಸೊಂಟದಲ್ಲಿದ್ದ ವಾಕಿಟಾಕಿ ಕರಕರ ಅಂದು, ಅದರೊಳಗಿಂದ ಹೆಂಗಸಿನ ದನಿ ಬಂತು.

'ಗಾಳಿ ತಿರುಗಿದೆ. ಯಾರೂ ಓಡಬೇಡಿ. ಎರಡನೇ ತಂಡ ರಸ್ತೆಗೆ ಬನ್ನಿ, ರಸ್ತೆ ಅಂಚಿಂದ ನಾವೇ ಎದುರು ಬೆಂಕಿ ಕೊಡ್ತೀವಿ. ಟ್ಯಾಂಕರು ಊರಿನ ಕಡೆ ಗೆರೆಗೆ ಹೋಗಲಿ. ಪಟ್ಟಿ ಕಟ್ಟಿರೋ ನಾಕಾ ಹತ್ರ ಯಾವುದಾದ್ರೂ ಗಾಡಿ ಇದ್ರೆ ಹಿಂದಕ್ಕೆ ಕಳಿಸಿ. ಈಗಲೇ.'

ಗ್ಯಾಸ್ ಆರಿಸಿ ಅನ್ನುವಾಗ, ಛತ್ರಿ ಮರೀಬೇಡಿ ಅನ್ನುವಾಗ ಇರುವ ಅದೇ ದನಿ. ಎಲ್ಲಿಯೂ ಒಂದು ಎಳೆಯೂ ನಡುಗಿರಲಿಲ್ಲ.

ಗಾರ್ಡ್ ಓಡಿ ಬಂದ. 'ಡ್ರೈವರೇ, ಹಿಂದಕ್ಕೆ! ಕೆಳಗೆ ಊರಿನ ತನಕ ಹಿಂದಕ್ಕೆ ಹೋಗಿ!'

'ಇಲ್ಲಿ ಬಸ್ಸು ತಿರುಗಲ್ಲಪ್ಪ. ಊರಿನ ತನಕ ಎಷ್ಟು ಹೇರ್‌ಪಿನ್ ಇದೆ ಗೊತ್ತಾ ನಿಂಗೆ? ಈ ಹೊಗೇಲಿ ರಿವರ್ಸು? ಎಲ್ಲರನ್ನೂ ಕಣಿವೆಗೆ ಹಾಕಬೇಕಷ್ಟೆ.'

'ಮತ್ತೇನು ಮಾಡ್ತೀರಿ?'

ಏನು ಮಾಡುವುದು ಅನ್ನುವುದು ಅವನಿಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗಿದೆ ಅನ್ನುವುದೇ ಅವನನ್ನು ಬೆಚ್ಚಿಬೀಳಿಸಿತು. ಗಡಿಯಾರ ನೋಡುತ್ತಾ ಕೇಳಿಸಿಕೊಂಡ ಒಂದು ಮಾತನ್ನು ನಂಬಿ ಬಸ್ಸಿನ ತುಂಬ ಜನರನ್ನು ಬೆಂಕಿಯ ದಾರಿಯಲ್ಲೇ ತಂದು ನಿಲ್ಲಿಸಲು ಹೊರಟಿದ್ದ. ಅದೂ ಅವಳ ಮಾತಿಗೆ ಎಲ್ಲರ ಜೊತೆ ಸೇರಿ ನಕ್ಕವನು. ಆದರೆ ಎದೆಯಲ್ಲಿ ಎಲ್ಲಿ ಹುಡುಕಿದರೂ ಒಂದು ಚೂರು ಅನುಮಾನ ಸಿಗಲಿಲ್ಲ.

'ಸೀಟಿಯಣ್ಣಾ, ಇಳೀರಿ. ಹಿಂದೆ ನಿಂತು ಊದಿ. ಕೆಳಗಿನ ತಿರುವಿನಲ್ಲಿ ಎಡಕ್ಕೆ ಒಂದು ಹಸಿರು ಜಾಗ ಇದೆಯಲ್ಲ, ಅಲ್ಲಿಗೆ.'

ಸೀಟಿಯಣ್ಣ ಇಳಿದು ಹಿಂದಕ್ಕೆ ಓಡಿದ. ಹಿಂದಿನ ಗಾಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಕನ್ನಡಿಯಲ್ಲಿ ರಸ್ತೆಯ ಅಂಚಿನ ಬಿಳಿ ಕಲ್ಲುಗಳು ಹೊಗೆಯಲ್ಲಿ ಒಂದೊಂದಾಗಿ ಮೂಡಿ ಅಳಿಸಿಹೋಗುತ್ತಿದ್ದವು. ಅವನು ಬಾಗಿಲಾಚೆ ಅರ್ಧ ದೇಹ ಹೊರಹಾಕಿ, ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ಸೀಟಿಯ ಸದ್ದನ್ನೇ ಹಗ್ಗದ ಹಾಗೆ ಹಿಡಿದುಕೊಂಡು ಹಿಂದಕ್ಕೆ ಸರಿದ. ಉದ್ದನೆಯ ಸೀಟಿ ಅಂದರೆ ಬಾ. ಗಿಡ್ಡ ಎರಡು ಅಂದರೆ ನಿಲ್ಲು. ಒಮ್ಮೆ ಹಿಂಚಕ್ರ ಮಣ್ಣಿಗಿಳಿದು ಬಸ್ಸು ವಾಲಿತು, ಹೆಂಗಸರು ಕಿರುಚಿದರು. ಅವನು ಕ್ಲಚ್ಚನ್ನು ಉಸಿರು ಬಿಡುವಷ್ಟು ಮೆಲ್ಲಗೆ ಬಿಟ್ಟು ಮುಂದಕ್ಕೆ ತಂದು ಮತ್ತೆ ಹಿಂದಕ್ಕೆ ತೆಗೆದುಕೊಂಡ. ಎಷ್ಟು ಹೊತ್ತಾಯಿತೋ. ಚಕ್ರದ ಕೆಳಗೆ ಡಾಂಬರು ಮುಗಿದು ಮೆತ್ತನೆಯ ನೆಲ ಬಂತು. ಎಂಜಿನ್ ಆರಿಸಿದಾಗ ಸುತ್ತಲೂ ಹಸಿರು ಹುಲ್ಲು, ಹಳದಿ ಹೂವು.

'ಇಲ್ಲೇನ್ರೀ? ಇಲ್ಲಿ ನಿಲ್ಲಿಸ್ತೀರಾ?' ವಕೀಲ ಫೋನು ಎತ್ತಿ ಚಿತ್ರ ತೆಗೆಯುತ್ತಲೇ ಕೂಗಿದ. 'ಮೇಲೆ ನೋಡಿ, ಅವರೇ ಬೆಂಕಿ ಹಚ್ತಾ ಇದ್ದಾರೆ! ಇಲ್ಲಿಗೆ ಬಂದ್ರೆ?'

ನಿಜ. ಮೇಲಿನ ರಸ್ತೆಯಂಚಿನಲ್ಲಿ ಹಸಿರು ಸಮವಸ್ತ್ರದವರು ಸಾಲಾಗಿ ನಡೆಯುತ್ತಾ, ಕೈಯಲ್ಲಿದ್ದ ಡಬ್ಬಿಗಳಿಂದ ಬೇಲಿ ಗಿಡದ ಬುಡಕ್ಕೆ ಬೆಂಕಿಯ ಹನಿ ಬೀಳಿಸುತ್ತಾ ಹೋಗುತ್ತಿದ್ದರು. ಒಣಕಡ್ಡಿ ಪಟಪಟ ಸಿಡಿಯುತ್ತಿತ್ತು.

'ಇಲ್ಲಿಗೆ ಬರಲ್ಲ ಸಾರ್.'

'ನಿಮಗೆ ಯಾರು ಹೇಳಿದ್ದು?'

'ನನ್ನ ಹೆಂಡ್ತಿ.'

'ನಿಮ್ಮ ಹೆಂಡ್ತಿಗೇನ್ರೀ ಗೊತ್ತು ಇದೆಲ್ಲ?'

ಅವನು ಸೀಟಿನಿಂದ ಎದ್ದು ಬಸ್ಸಿನ ಒಳಕ್ಕೆ ತಿರುಗಿ ನಿಂತ. ಇಷ್ಟು ವರ್ಷದ ಕೆಲಸದಲ್ಲಿ ಪ್ರಯಾಣಿಕರ ಕಡೆ ಹೀಗೆ ಮುಖ ಮಾಡಿ ನಿಂತದ್ದೇ ಇಲ್ಲ. ಇಷ್ಟೊಂದು ಕಣ್ಣುಗಳಿರುತ್ತವೆ ಅಂತ ಗೊತ್ತಿರಲಿಲ್ಲ. 'ಈಗ ವಾಕಿಟಾಕೀಲಿ ಮಾತಾಡಿದ್ರಲ್ಲ, ಅವಳೇ ನನ್ನ ಹೆಂಡ್ತಿ,' ಅಂದ. 'ನೀವು ಬೆಂಕಿ ಮೇಡಂ ಅಂದ್ರಲ್ಲ, ಅವಳೇ. ಈಗ ನಿಮ್ಮ ಕಾಲ ಕೆಳಗಿದೆಯಲ್ಲ ಈ ಹುಲ್ಲು, ಇದು ಅವಳು ಸುಟ್ಟ ಜಾಗ. ಎರಡು ವರ್ಷದ ಹಿಂದೆ ಇಲ್ಲೂ ಆಚೆ ಕಡೆ ಇರೋ ಆ ಬೇಲಿ ಗಿಡಾನೇ ತುಂಬಿತ್ತು. ಒಂದು ಸಲ ಬೆಂಕಿ ಹಾದು ಹೋಯ್ತು. ಬೇಲಿ ಗಿಡದ ಬೇರು ಮೇಲ್ಮೇಲೆ ಸಾರ್, ಸತ್ತೋಯ್ತು. ಈ ಗುಡ್ಡದ ಹುಲ್ಲಿನ ಬೇರು ಆಳಕ್ಕಿದೆ, ಅದಕ್ಕೇನೂ ಆಗಲ್ಲ. ಈ ಮರದ ತೊಗಟೆ ನೋಡಿ, ನನ್ನ ಬೆರಳಿಗಿಂತ ದಪ್ಪ. ಇವು ಬೆಂಕಿ ಜೊತೆ ಸಂಸಾರ ಮಾಡ್ಕೊಂಡು ಬಂದಿರೋವು. ನಾವು ಮಧ್ಯೆ ಹೋಗಿ ಬಿಡಿಸಿದ್ವಿ.' ಕೊನೆಯ ಮಾತು ಅವಳದಲ್ಲ, ತನ್ನದೇ ಎಂದು ಹೇಳಿದ ಮೇಲೆ ಗೊತ್ತಾಗಿ ಅವನಿಗೆ ಆಶ್ಚರ್ಯವಾಯಿತು. ದನಿ ಏರಿತ್ತು, ಕೈ ಅವಳ ಹಾಗೇ ಗುಡ್ಡದ ಕಡೆ ಚಾಚಿತ್ತು, ನಿಲ್ಲಿಸಲಿಕ್ಕೆ ಆಗುತ್ತಿರಲಿಲ್ಲ. ಬಾಯಿ ಬಿಡದ ಕಾಯಿಯ ವಿಷಯ ಹೇಳಿದ, ಹೊಗೆಗೆ ಏಳುವ ಬೀಜದ ವಿಷಯ ಹೇಳಿದ, ಅವಳು ಈ ತುಂಡಿಗೋಸ್ಕರ ಎಷ್ಟು ಬಾಗಿಲು ತಟ್ಟಿದಳು, ಯಾರ್ಯಾರ ಕೈಲಿ ಏನೇನು ಅನ್ನಿಸಿಕೊಂಡಳು ಎಲ್ಲ ಹೇಳಿದ. ತಾನು ಡಿಪೋದಲ್ಲಿ ನಕ್ಕದ್ದನ್ನು ಹೇಳಲು ಬಾಯಿ ತೆರೆದ; ಅಷ್ಟರಲ್ಲಿ ಅಜ್ಜಿ ಗಂಟನ್ನು ಪಕ್ಕದವಳ ಕೈಗೆ ಕೊಟ್ಟು, ಮೆಟ್ಟಿಲಿಳಿದು ಹೋಗಿ ಹುಲ್ಲಿನಲ್ಲಿ ಕೂತೇಬಿಟ್ಟಿದ್ದಳು.

'ಅಯ್ಯೋ, ಇದು ಇನ್ನೂ ಇದೆಯಾ!' ಹಳದಿ ಹೂವೊಂದನ್ನು ಕೀಳದೆ, ಅಂಗೈಯಲ್ಲಿ ಎತ್ತಿ ಹಿಡಿದು ನೋಡುತ್ತಿದ್ದಳು. 'ನಾವು ಇದರ ಬುಡ ಚೀಪ್ತಿದ್ವಿ, ಸಿಹಿ ಇರ್ತಿತ್ತು. ಕಳೆದೇ ಹೋಯ್ತು ಅಂತಿದ್ದೆ.'

ಒಬ್ಬೊಬ್ಬರಾಗಿ ಜನ ಇಳಿದರು. ಅಳುತ್ತಿದ್ದ ಮಗು ಹೂವಿನ ಬುಡ ಚೀಪಿ ಸುಮ್ಮನಾಯಿತು. ವಕೀಲನೂ ಇಳಿದ, ಫೋನು ಹಿಡಿದಿದ್ದ ಕೈ ಈಗ ಕೆಳಗಿತ್ತು. ಎಲ್ಲರೂ ಮೇಲೆ ನೋಡಿದರು. ರಸ್ತೆಯಂಚಿನಿಂದ ಹೊರಟ ಬೆಂಕಿ ಗುಡ್ಡದ ಮೇಲಕ್ಕೆ, ಗುಡ್ಡದಿಂದ ಇಳಿಯುತ್ತಿದ್ದ ಬೆಂಕಿಯ ಕಡೆಗೇ ನಡೆಯುತ್ತಿತ್ತು. ನಡುವಿನ ಬೇಲಿ ಗಿಡದ ಪಟ್ಟಿ ಕಿರಿದಾಗುತ್ತಾ ಬಂತು. ಎರಡೂ ಒಂದಕ್ಕೊಂದು ಮುಟ್ಟಿದಾಗ ಜ್ವಾಲೆ ಒಮ್ಮೆ ಮರದೆತ್ತರ ನಿಂತು ಗುಡುಗಿದ ಸದ್ದಾಯಿತು. ಯಾರದೋ ಕೈ ಅವನ ತೋಳನ್ನು ಬಿಗಿಯಾಗಿ ಹಿಡಿಯಿತು, ನೋಡಿದರೆ ವಕೀಲ. ಆಮೇಲೆ ತಿನ್ನಲಿಕ್ಕೆ ಏನೂ ಸಿಗದೆ ಅದು ಅಲ್ಲೇ ಕುಸಿದು ಕೂತಿತು. ಹೊಗೆ ಮತ್ತೆ ನೆಟ್ಟಗೆ ಏಳತೊಡಗಿತು. ಹಿಂಭಾಗದಲ್ಲಿ, ಸಿಡಿಲು ಹಚ್ಚಿದ ಗೆರೆ ಏನೂ ಆಗದ ಹಾಗೆ ತನ್ನ ಪಾಡಿಗೆ ಮೇಯುತ್ತಾ ತೊರೆಯ ಕಡೆ ಇಳಿಯುತ್ತಿತ್ತು. ಅದನ್ನು ಯಾರೂ ಆರಿಸಲಿಲ್ಲ.

'ನಾನು ಏನೇನೋ ಅಂದೆ,' ಎಂದ ವಕೀಲ, ಗುಡ್ಡದಿಂದ ಕಣ್ಣು ತೆಗೆಯದೆ. 'ತಪ್ಪು ತಿಳ್ಕೋಬೇಡಿ.'

'ನಾನೂ ಅಂದಿದ್ದೀನಿ ಸಾರ್,' ಎಂದ ಅವನು. ವಕೀಲನಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದ.

ಆಗ ರಸ್ತೆಯಲ್ಲಿ ಅವಳು ಕಂಡಳು. ಹಿಂದೆ ಗಾರ್ಡು, ಅವನ ಹಿಂದೆ ತಂಡದ ಏಳೆಂಟು ಮಂದಿ. ಹುಬ್ಬಿನಿಂದ ಗದ್ದದ ತನಕ ಮಸಿ, ಕಣ್ಣು ಕೆಂಪು, ಒಂದು ತೋಳು ಹರಿದಿತ್ತು. ನಡಿಗೆ ಮಾತ್ರ ದೊಡ್ಡ ಮನೆಯ ಅಂಗಳ ಗುಡಿಸಿ ಮುಗಿಸಿ ಬರುವವಳ ಹಾಗೆ, ದಣಿದದ್ದು, ಸಮಾಧಾನದ್ದು. ಅವನ ಕಾಲುಗಳು ತಾವಾಗಿಯೇ ಬಸ್ಸಿನ ಕಡೆ ಸರಿದವು. ಬೆಳಗಿನ ಮಾತು, ಡಿಪೋದ ನಗು, ಅರ್ಧ ಗಂಟೆಯ ಹಿಂದಿನ 'ನಮ್ಮದೇನಿದೆ ಸಾರ್' ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು. ಅವಳು ಬಸ್ಸನ್ನು ನೋಡಿದಳು, ಅದು ನಿಂತ ಜಾಗ ನೋಡಿದಳು, ಹುಲ್ಲಿನಲ್ಲಿ ಕೂತ ಜನರನ್ನು ನೋಡಿದಳು. ಕೊನೆಗೆ ಅವನನ್ನು ನೋಡಿದಳು.

'ಊರಿಗೆ ಕಳಿಸಿ ಅಂದಿದ್ದೆನಲ್ಲ,' ಎಂದಳು ಗಾರ್ಡಿಗೆ. 'ಇಲ್ಲಿ ನಿಲ್ಲಿಸಿ ಅಂತ ಯಾರು ಹೇಳಿದ್ದು?'

'ಇವರೇ ಮೇಡಂ. ಡ್ರೈವರು. ಆ ಹೊಗೇಲಿ ರಿವರ್ಸು ತಗೊಂಡ್ರು, ನೋಡ್ಬೇಕಿತ್ತು ನೀವು.'

ಅಜ್ಜಿ ಕೂತಲ್ಲಿಂದಲೇ ಕೂಗಿದಳು: 'ಏನಮ್ಮಾ, ನಿನ್ನ ಗಂಡ ಇಷ್ಟು ಹೊತ್ತೂ ನಿನ್ನ ಮಾತೇ ಆಡಿದ. ಕಿವಿ ತೂತು ಬಿತ್ತು ನಮಗೆಲ್ಲ!'

ಜನ ನಕ್ಕರು. ಅವಳು ನಗಲಿಲ್ಲ. ಬೆಂಕಿಯ ಮುಂದೆ ನಿಂತವಳ ಮುಖ ಈಗ ಹೊಸಬರ ಮನೆಗೆ ಬಂದವರ ಹಾಗಾಯಿತು. 'ಹೌದಾ?' ಎಂದಳು ಅವನಿಗೆ. 'ಮನೇಲಿ ಬಾಯೇ ಬಿಡಲ್ಲ.'

ಅವಳು ತಿರುಗಿ, ತನ್ನ ತಂಡದ ಮಸಿಮುಖಗಳನ್ನೆಲ್ಲ ಕೈಬೀಸಿ ಹತ್ತಿರ ಕರೆದಳು. ಒಂದಿಷ್ಟೂ ಅಳುಕಿಲ್ಲದೆ, ಗುಡ್ಡದ ಆಚೆಗೂ ಕೇಳುವ ದನಿಯಲ್ಲಿ ಹೇಳಿದಳು: 'ಬನ್ರೋ ಇಲ್ಲಿ. ಇವರು ನಮ್ಮ ಮನೆಯವರು. ಬಸ್ ಡ್ರೈವರ್. ಈ ಬಸ್ಸು ಇಲ್ಲಿಗೆ ತಂದಿದ್ದು ಇವರೇ.'

ಗಾರ್ಡ್ ಏನು ಮಾಡುವುದೋ ತಿಳಿಯದೆ, ಕಾಲು ಜೋಡಿಸಿ ಅವನಿಗೊಂದು ಸೆಲ್ಯೂಟ್ ಹೊಡೆದ. ಸೀಟಿಯಣ್ಣ ಹೊಡೆದದ್ದು ಮಾತ್ರ ಚಪ್ಪಾಳೆ. ಅವನು ಕೈಯೆತ್ತಬೇಕೋ ಮುಗಿಯಬೇಕೋ ಅಂತ ನಿಂತಿದ್ದಾಗ ಅವಳು ಹತ್ತಿರ ಬಂದು, ಅವನ ಗಲ್ಲದ ಮೇಲಿನ ಗಾಯವನ್ನು ಮಸಿ ಬೆರಳಿನಿಂದ ಮುಟ್ಟಿ, 'ಉರೀತಿದೆಯಾ?' ಎಂದಳು.

'ಉರಿಯಲಿ,' ಎಂದ ಅವನು.